ಮುಚ್ಚಿಡಬೇಡಿ, ಮುಗಿಸಿಕೊಳ್ಳಿ

ಮದ್ರಸದ ಬೆಳಗ್ಗಿನ ತರಗತಿ ಬಿಟ್ಟ ಮೇಲೆ ಉಮ್ಮಂದಿರು ಉಸ್ತಾದರನ್ನು ಕಾಣಲು ಬರುವುದು ಹೊಸತಲ್ಲ. ಮಗುವಿಗೆ ಓದು ಹತ್ತುತ್ತಿಲ್ಲ, ಪರೀಕ್ಷೆ ಹತ್ತಿರ ಬಂತು, ದುಆ ಮಾಡಿ ಎನ್ನುತ್ತಾರೆ. ಈಚೆಗೆ ಬೇರೊಂದು ಮಾತು ಕೇಳಿಬರುತ್ತಿದೆ. "ಉಸ್ತಾದ್, ಮಗನಿಗೆ ಬೆಂಗಳೂರಲ್ಲಿ ಕೆಲಸ ಆಗಿದೆ. ಪೊಲೀಸ್ ವೆರಿಫಿಕೇಶನ್ ಕೇಳ್ತಿದ್ದಾರೆ. ಅವತ್ತು ಮ್ಯಾಚ್ ಮುಗಿದ ಮೇಲೆ ಗಲಾಟೆ ಆಗಿತ್ತಲ್ಲ, ಆ ಕೇಸು ಉಂಟು. ಕೋರ್ಟಲ್ಲಿ ಫೈನ್ ಕಟ್ಟಿ ಮುಗಿಸಿದ್ದೆವು. ಈಗ ಫಾರಮಿನಲ್ಲಿ ಏನು ಬರೆಯೋದು?"

"ಫೈನ್ ಕಟ್ಟಿ ಮುಗಿಸಿದ್ದೆವು." ನಮ್ಮವರ ದೊಡ್ಡ ತಪ್ಪು ತಿಳುವಳಿಕೆ ಇದೇ. ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಖುಲಾಸೆಯಲ್ಲ, ಶಿಕ್ಷೆ. ಬೀದಿ ಜಗಳಕ್ಕೆ ಹಳೆಯ ಐಪಿಸಿಯ 160ನೇ ಕಲಂನಲ್ಲಿ ಇದ್ದ ಗರಿಷ್ಠ ದಂಡ 100 ರೂಪಾಯಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 194ನೇ ಕಲಂನಲ್ಲಿ ಅದು 1,000 ರೂಪಾಯಿ ಆಗಿದೆ. ದಂಡ ಚಿಕ್ಕದು, ದಾಖಲೆ ಚಿಕ್ಕದಲ್ಲ. ವಾಯಿದೆ ವಾಯಿದೆಗೂ ಕೂಲಿ ಬಿಟ್ಟು ಮಡಿಕೇರಿಗೋ ವಿರಾಜಪೇಟೆಗೋ ಬಸ್ಸು ಹತ್ತುವ ತಾಪತ್ರಯ ನಮಗೂ ಗೊತ್ತು. "ಒಪ್ಪಿಕೊಂಡು ಬಿಡು ಮಾರಾಯ" ಎನ್ನುವವರೂ ಅಲ್ಲೇ ಸಿಗುತ್ತಾರೆ. ಆದರೆ ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಒಂದು ಮಾತು ಕೇಳಬೇಕು.

ಕೇಳಿದರೆ ದಾರಿಗಳಿವೆ. ಸಣ್ಣ ಹೊಡೆದಾಟ, ಬೈಗುಳದಂಥ ಪ್ರಕರಣಗಳಲ್ಲಿ ದೂರು ಕೊಟ್ಟವರೊಂದಿಗೆ ಕೋರ್ಟಿನಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಖುಲಾಸೆಗೆ ಸಮ. ಎಲ್ಲ ಕಲಂಗಳಿಗೂ ರಾಜಿ ಇಲ್ಲ, ಅದನ್ನು ವಕೀಲರೇ ಹೇಳಬೇಕು. ತಪ್ಪು ಸಾಬೀತಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಅಥವಾ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆ ಬಿಟ್ಟರೆ ಶಿಕ್ಷೆಯ ಕಾರಣಕ್ಕೆ ಅಂಟುವ ಅನರ್ಹತೆ ಅಂಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಘಟನೆ ನಡೆದಾಗ ಹುಡುಗನಿಗೆ 18 ತುಂಬಿರದಿದ್ದರೆ, 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತೆಯೇ ಇಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವು ಅವರ ಹಕ್ಕು, ಯಾರ ದಯೆಯೂ ಅಲ್ಲ.

ಗಲ್ಫಿಗೆ ಹೋಗುವವರ ಕಥೆ ಬೇರೆ. ಯುಎಇ 2018ರ ಫೆಬ್ರವರಿಯಲ್ಲಿ ನಡತೆ ಪ್ರಮಾಣಪತ್ರ ಕಡ್ಡಾಯ ಮಾಡಿತು, ಅದೇ ವರ್ಷ ಭಾರತೀಯರಿಗೆ ಸಡಿಲಿಸಿತು. ಸೌದಿ 2022ರ ನವೆಂಬರ್‌ನಲ್ಲಿ ಭಾರತೀಯರಿಗೆ ವಿನಾಯ್ತಿ ಕೊಟ್ಟಿತು. ನಿಯಮ ಬರುತ್ತದೆ, ಹೋಗುತ್ತದೆ. ಪಾಸ್‌ಪೋರ್ಟಿನ ಪ್ರಶ್ನೆ ಮಾತ್ರ ಹೋಗುವುದಿಲ್ಲ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 1993ರ ಅಧಿಸೂಚನೆಯಂತೆ, ಕೇಸು ನಡೆಯುತ್ತಿರುವ ನ್ಯಾಯಾಲಯ ವಿದೇಶಕ್ಕೆ ಹೋಗಲು ಅನುಮತಿ ಕೊಟ್ಟರೆ ನಿಗದಿತ ಅವಧಿಗೆ ಪಾಸ್‌ಪೋರ್ಟ್ ಸಿಗುತ್ತದೆ. ಏಜೆಂಟನ ಮಾತು ನಂಬಿ "ಕೇಸು ಇಲ್ಲ" ಎಂದು ಬರೆದರೆ ಅದೇ ಇನ್ನೊಂದು ಅಪರಾಧ.

ಇನ್ನು ಫಾರಮಿನ ಮಾತು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಜುಲೈ 21ರಂದು ಇದನ್ನು ವಿವರವಾಗಿ ಹೇಳಿದೆ. ಕೆಲಸಕ್ಕೆ ಸೇರುವವರು ಕೊಡುವ ಮಾಹಿತಿ ನಿಜವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟದ್ದನ್ನೂ ಉದ್ಯೋಗದಾತರು ಮನ್ನಿಸಬಹುದು. ನಿಜ ಹೇಳಿದ ಮೇಲೂ ಹಿನ್ನೆಲೆ ನೋಡಿ ತೀರ್ಮಾನಿಸುವ ಅಧಿಕಾರ ಅವರಿಗಿದೆ. ಫಾರಮಿನಲ್ಲಿ ಕೇಳದೇ ಇದ್ದ ಸಂಗತಿಯನ್ನು ಮುಚ್ಚಿಟ್ಟೆ ಎಂದು ಯಾರ ಮೇಲೂ ಹೊರಿಸುವಂತಿಲ್ಲ. ಆದ್ದರಿಂದ ಪ್ರಶ್ನೆಯನ್ನು ಎರಡು ಸಲ ಓದಿ. ಶಿಕ್ಷೆ ಆಗಿದೆಯೇ ಎಂದು ಕೇಳಿದ್ದಾರೋ, ಕೇಸು ಬಾಕಿ ಇದೆಯೇ ಎಂದೋ, ಎಂದಾದರೂ ಬಂಧನವಾಗಿತ್ತೇ ಎಂದೋ? ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿ. ತೀರ್ಪಿನ ದೃಢೀಕೃತ ನಕಲನ್ನು ಜೊತೆಗಿಡಿ. ಠಾಣೆಯ ಕಡತದಲ್ಲಿ ಎಫ್‌ಐಆರ್ ಇದ್ದು ಖುಲಾಸೆಯ ಮಾಹಿತಿ ಇಲ್ಲದಿದ್ದರೆ, ಆ ಕಾಗದವೇ ನಿಮ್ಮ ಪರವಾಗಿ ಮಾತಾಡಬೇಕು.

ನಿಜ ಬರೆದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಖಾಸಗಿ ಕಂಪನಿ ಕಾರಣ ಹೇಳದೆಯೂ ಬೇಡ ಎನ್ನಬಹುದು. ಆದರೆ ಸುಳ್ಳು ಬರೆದು ಸೇರಿದವನು ಪ್ರತಿದಿನ ಹೆದರಿಕೊಂಡೇ ಕೆಲಸಕ್ಕೆ ಹೋಗಬೇಕು. ಐದು ವರ್ಷದ ನಂತರ ಗೊತ್ತಾದರೆ ಹಳೆಯ ಜಗಳಕ್ಕಲ್ಲ, ಹೊಸ ಸುಳ್ಳಿಗಾಗಿ ಹೊರಗೆ ಹೋಗಬೇಕಾಗುತ್ತದೆ.

"ಐಬನ್ನು ಅಲ್ಲಾಹನು ಮುಚ್ಚಿಟ್ಟಿರುವಾಗ ನಾವೇ ಯಾಕೆ ಬಿಚ್ಚಿಡಬೇಕು ಉಸ್ತಾದ್?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ತನ್ನ ತಪ್ಪನ್ನು ಊರಿಡೀ ಸಾರಿಕೊಂಡು ತಿರುಗಬಾರದು ಎನ್ನುವುದು ದೀನ್ ಕಲಿಸಿದ ಮರ್ಯಾದೆಯೇ. ಆದರೆ ಸುಮ್ಮನಿರುವುದು ಬೇರೆ, ಕೇಳುವ ಹಕ್ಕಿರುವವರು ಕೇಳಿದಾಗ ಸುಳ್ಳಿಗೆ ಸಹಿ ಹಾಕುವುದು ಬೇರೆ. ತಬೂಕ್ ಯಾತ್ರೆಗೆ ಹೋಗದೆ ಉಳಿದವರು ಪ್ರವಾದಿ (ಸ.ಅ.)ರ ಮುಂದೆ ಒಬ್ಬೊಬ್ಬರಾಗಿ ನೆಪ ಹೇಳಿದಾಗ, ಕಅಬ್ ಬಿನ್ ಮಾಲಿಕ್ (ರ.ಅ.) ತನಗೆ ಯಾವ ನೆಪವೂ ಇಲ್ಲವೆಂದು ಒಪ್ಪಿಕೊಂಡರು. ನಿಜ ಹೇಳಿದ್ದಕ್ಕೆ 50 ದಿನ ಯಾರೂ ಅವರೊಂದಿಗೆ ಮಾತಾಡಲಿಲ್ಲ. ಕೊನೆಗೆ ಅವರ ತೌಬಾ ಸ್ವೀಕಾರವಾಯಿತು. ಅಂದರೆ ನಿಜಕ್ಕೆ ಆ ಕಾಲದಲ್ಲೂ ಬೆಲೆ ತೆರಬೇಕಿತ್ತು, ಆದರೆ ಅದಕ್ಕೊಂದು ಕೊನೆಯಿತ್ತು.

ನಮ್ಮ ಮಹಲ್ಲುಗಳಿಗೂ ಒಂದು ಮಾತು. ಕೇಸು ಆದ ಹುಡುಗನನ್ನು ಪೊಲೀಸರಿಗಿಂತ ಮೊದಲು ನಾವೇ ಬರೆದು ಹಾಕಿಬಿಡುತ್ತೇವೆ. ಮದುವೆ ಮಾತುಕತೆಯಲ್ಲಿ, ಅಂಗಡಿ ಜಗಲಿಯಲ್ಲಿ ಅವನ ಹೆಸರಿನ ಹಿಂದೆ ಅದೇ ಕಥೆ. 2015ರ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಏನಾಯಿತೆಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ದಿನಗಳಲ್ಲಿ ಗುಂಪಿನಲ್ಲಿ ಸುಮ್ಮನೆ ನಿಂತವನ ಹೆಸರೂ, ಅವನು ಯಾವ ಸಮುದಾಯದವನೇ ಆಗಿರಲಿ, ಕಾಗದಕ್ಕೆ ಸೇರಬಹುದು. ಆ ಹೊತ್ತಿಗೆ ಮನೆಯಲ್ಲಿರು ಎಂದು ಮಗನಿಗೆ ಹೇಳುವುದು ಹೇಡಿತನವಲ್ಲ. ಸೇರಿಬಿಟ್ಟ ಮೇಲೆ ಅವನ ಕೈ ಬಿಡುವುದು ಮಾತ್ರ ನ್ಯಾಯವಲ್ಲ.

ಸುಂಟಿಕೊಪ್ಪವೋ ನಾಪೋಕ್ಲುವೋ ಸಿದ್ದಾಪುರವೋ, ಪ್ರತಿ ಜಮಾಅತ್ ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ ಎರಡು ಗಂಟೆ ಕೂರಿಸಲಿ. ಉರೂಸಿಗೆ, ವಾರ್ಷಿಕಕ್ಕೆ ಎತ್ತುವ ವಂತಿಗೆಯಲ್ಲಿ ಒಂದು ಪಾಲು ಇಂಥ ಹುಡುಗರ ಕೇಸು ಸರಿಯಾಗಿ ಮುಗಿಸಲು ಹೋಗಲಿ. ಕೇಸು ಇರುವ ಹುಡುಗನೂ ಕೆಲಸ ಸಿಗುವ ದಿನದವರೆಗೆ ಕಾಯುವುದು ಬೇಡ, ಈ ವಾರವೇ ಹೋಗಿ ಅದು ಎಲ್ಲಿಗೆ ಬಂದಿದೆ ಎಂದು ವಿಚಾರಿಸಲಿ.