ಅಗ್ಗದ ಐರಿಷ್ ವಿಸ್ಕಿಯೂ ನಮ್ಮ ಬಾಟಲಿಯ ಚೀಟಿಯೂ

ಪರೇಲಿನ ಪರ್ಮಿಟ್ ರೂಮುಗಳಲ್ಲಿಯೂ, ಹಳೆಯ ಗಿರಣಿಗಳ ಆವರಣದಲ್ಲಿ ತಲೆಯೆತ್ತಿರುವ ಲೋವರ್ ಪರೇಲಿನ ಪಾನಗೃಹಗಳಲ್ಲಿಯೂ ಐರಿಷ್ ವಿಸ್ಕಿಯೆಂಬ ಪದಾರ್ಥಕ್ಕೆ ಈಗ ಗಿರಾಕಿಗಳುಂಟು. ಅದನ್ನು ಅಳೆದು ಮೇಜಿಗೆ ತರುವ ಕೈಗಳಲ್ಲಿ ನಮ್ಮ ಕರಾವಳಿಯ ಹುಡುಗರ ಕೈಗಳೂ ಹಲವು. "ಇದು ಹೇಗಿದೆ?" ಎಂದು ಗಿರಾಕಿ ಕೇಳಿದರೆ "ಫಾರಿನ್, ಸಾಹೇಬ್" ಎಂಬ ಒಂದೇ ಉತ್ತರವು ಸಿದ್ಧವಾಗಿರುತ್ತದೆ, ಕೇಳಿದವರಿಗೂ ಅಷ್ಟರಿಂದಲೇ ತೃಪ್ತಿ. ಆದರೆ ಪರದೇಶದ್ದೆಂಬ ಮಾತು ರುಚಿಯ ಪ್ರಶ್ನೆಗೆ ಉತ್ತರವಾದೀತೇ? ಮಸಾಲೆ ದೋಸೆ ಹೇಗಿದೆಯೆಂದು ಕೇಳಿದವರಿಗೆ "ಉಡುಪಿಯದು" ಎಂದಷ್ಟೇ ಹೇಳಿ ಸುಮ್ಮನಾಗುವ ಹೋಟೆಲು ಎಷ್ಟು ದಿನ ನಡೆದೀತು?

ಮದ್ಯದ ವಿಷಯವನ್ನು ಇಷ್ಟು ಬಿಚ್ಚಿ ಬರೆಯುವುದು ಸರಿಯೇ ಎಂದು ಕೆಲವು ವಾಚಕರು ಆಕ್ಷೇಪಿಸಬಹುದು. ಕುಡಿಯದವರು ಕುಡಿಯತೊಡಗಲೆಂಬುದು ನಮ್ಮ ಇಚ್ಛೆಯಲ್ಲ. ಮದ್ಯವು ಅರ್ಬುದರೋಗಕ್ಕೆ ಕಾರಣಗಳಲ್ಲೊಂದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾಂಗವು 1988ರಲ್ಲಿಯೇ ನಿರ್ಣಯಿಸಿದೆ. ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಣ ಕಾಲುದಾರಿಯಲ್ಲಿ ರೋಗಿಗಳ ಬಂಧುಗಳು ರಾತ್ರಿ ಕಳೆಯುವುದನ್ನು ಕಂಡಿರುವ ಪರೇಲಿನವರಿಗೆ ಈ ಮಾತನ್ನು ಬೇರೆಯವರು ಹೇಳಬೇಕಾಗಿಲ್ಲ. ಆದರೂ ಮಾರುವವರಲ್ಲಿ ನಮ್ಮವರಿದ್ದಾರೆ, ಕುಡಿಯುವವರಲ್ಲಿಯೂ ಇದ್ದಾರೆ. ಏನನ್ನು ಮಾರುತ್ತೇವೆ, ಏನನ್ನು ಕುಡಿಯುತ್ತೇವೆ ಎಂಬುದನ್ನು ಅರಿಯದಿರುವುದರಿಂದ ಯಾರಿಗೂ ಲಾಭವಿಲ್ಲ.

ಪರೇಲಿನಲ್ಲಿ ಶ್ರೀಮಂತಿಕೆಯ ಕುರುಹಾಗಿರುವ ಈ ವಿಸ್ಕಿ ತನ್ನ ಸ್ವದೇಶದಲ್ಲಿ ಸಾಮಾನ್ಯರ ಬಾಟಲಿ. ಜೇಮ್ಸನ್, ಬುಷ್‌ಮಿಲ್ಸ್, ಟಲ್ಲಮೋರ್ ಮುಂತಾದ ಹೆಸರುಗಳ ಸಾಧಾರಣ ದರ್ಜೆಯ ವಿಸ್ಕಿಯನ್ನು ಅಲ್ಲಿ ಗುಮಾಸ್ತರೂ ಕೂಲಿಕಾರರೂ ಕೊಳ್ಳುತ್ತಾರೆ. ಆದರೆ ಎಷ್ಟೇ ಅಗ್ಗವಾಗಿರಲಿ, ಕಾನೂನು ಅದನ್ನು ಸಡಿಲ ಬಿಡುವುದಿಲ್ಲ. ಅದು ಮೊಳಕೆ ಬರಿಸಿದ ಬಾರ್ಲಿಯನ್ನೊಳಗೊಂಡ ಧಾನ್ಯದ್ದೇ ಆಗಿರಬೇಕು. ಧಾನ್ಯದ ವಾಸನೆಯೂ ರುಚಿಯೂ ಉಳಿಯುವಂತೆ ಬಟ್ಟಿ ಇಳಿಸಿರಬೇಕು. ಐರ್ಲೆಂಡ್ ದ್ವೀಪದಲ್ಲಿಯೇ ಮರದ ಪೀಪಾಯಿಗಳೊಳಗೆ ಕನಿಷ್ಠ 3 ವರ್ಷ ಮಲಗಿರಬೇಕು. ಬಾಟಲಿಯಲ್ಲಿ ಮದ್ಯಸಾರವು ನೂರಕ್ಕೆ 40ಕ್ಕಿಂತ ಕಡಿಮೆಯಿರಕೂಡದು. ಆ ದೇಶದ 1980ರ ವಿಸ್ಕಿ ಶಾಸನವೂ, ಅನಂತರದ ಯುರೋಪಿನ ನಿಯಮಗಳೂ ಇದನ್ನೇ ವಿಧಿಸುತ್ತವೆ. ಬೆಲೆ ಇಳಿದರೂ ಈ ಕಟ್ಟಲೆ ಇಳಿಯದು. ಅಗ್ಗವೆಂದರೆ ಕಲಬೆರಕೆಯೆಂಬ ಅರ್ಥ ಅಲ್ಲಿಲ್ಲ.

ಈಚೆಗೆ ನಾವು ಪರ್ಮಿಟ್ ಉಳ್ಳ ಇಬ್ಬರು ಸ್ನೇಹಿತರೊಡನೆ ಕುಳಿತು ಒಂದು ಪರೀಕ್ಷೆ ನಡೆಸಿದೆವು. ಒಬ್ಬರು ಪರ್ಮಿಟ್ ರೂಮೊಂದರ ಮೆನೇಜರರು. ಇನ್ನೊಬ್ಬರು ಬ್ಯಾಂಕಿನ ಗುಮಾಸ್ತರು. ಒಂದು ಗ್ಲಾಸಿನಲ್ಲಿ ಸಾಧಾರಣ ಜೇಮ್ಸನ್, ಇನ್ನೊಂದರಲ್ಲಿ ನಮ್ಮ ದೇಶದ ಕಡಿಮೆ ಬೆಲೆಯ ಒಂದು ವಿಸ್ಕಿ; ಯಾವುದು ಯಾವುದೆಂಬುದನ್ನು ಹೊಯ್ದ ಹುಡುಗನೊಬ್ಬನೇ ಬಲ್ಲ. ನಮ್ಮ ದೇಶದ ವಿಸ್ಕಿಯು ವಾಡಿಕೆಯಂತೆ ನೂರಕ್ಕೆ 42.8ರಷ್ಟು ಮದ್ಯಸಾರದ್ದಾದುದರಿಂದ ಅದಕ್ಕೆ ಎರಡು ಹನಿ ನೀರು ಹೆಚ್ಚು ಬೆರೆಸಿ ಖಾರವನ್ನು ಸಮಮಾಡಲಾಯಿತು. ಗಾಢವಾದ ಬಣ್ಣವನ್ನು ನೋಡಿ ಗುಮಾಸ್ತರು "ಇದೇ ಫಾರಿನ್" ಎಂದು ತೀರ್ಪಿತ್ತರು. ಅದು ನಮ್ಮ ದೇಶದ್ದಾಗಿತ್ತು.

ಆದುದರಿಂದ ಮೊದಲನೆಯ ಪಾಠವೆಂದರೆ ಬಣ್ಣವನ್ನು ನಂಬಬಾರದು. ಸುಟ್ಟ ಸಕ್ಕರೆಯಿಂದ ಬಣ್ಣ ಕೊಡಲು ಇಲ್ಲಿಯಂತೆ ಐರ್ಲೆಂಡಿನಲ್ಲಿಯೂ ಅನುಮತಿಯಿದೆ. ನಂಬಬೇಕಾದುದು ಮೂಗನ್ನು. ಗ್ಲಾಸಿನಲ್ಲಿ ಅರ್ಧ ಪೆಗ್ಗಿಗಿಂತ ಹೆಚ್ಚು ಬೇಡ. ಐಸು ಬೇಡ, ಸೋಡಾ ಬೇಡ, ಮಸಾಲೆ ಶೇಂಗಾ ಆ ಹೊತ್ತಿಗೆ ದೂರವಿರಲಿ. ಬಾಯನ್ನು ತುಸು ತೆರೆದು ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಮದ್ಯಸಾರವು ಮೂಗನ್ನು ಚುಚ್ಚುವುದಿಲ್ಲ. ಐರಿಷ್ ಗ್ಲಾಸಿನಿಂದ ಬಂದುದು ಮೊದಲು ವೆನಿಲ್ಲಾದ ಪರಿಮಳ, ಬಳಿಕ ಹಸುರು ಸೇಬಿನಂತಹ ಹಣ್ಣಿನ ವಾಸನೆ, ಹಿಂದಿನಿಂದ ಹುರಿದ ಧಾನ್ಯದ ಸುಳಿವು. ಇನ್ನೊಂದರಿಂದ ಬಂದುದು ಒಂದೇ ಸಿಹಿ ವಾಸನೆ; ಎಸೆನ್ಸ್ ಬೆರೆಸಿದ ಶರಬತ್ತಿನಂತೆ ಅದು ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ ಇತ್ತು.

ಎರಡನೆಯದು ನಾಲಿಗೆ. ಒಂದು ಚಮಚದಷ್ಟನ್ನು ಬಾಯಿಯ ತುಂಬ ಹರಡಿ, ನುಂಗಿ, ಗಡಿಯಾರ ನೋಡುತ್ತ ಕುಳಿತುಕೊಳ್ಳಬೇಕು. ಜೇಮ್ಸನ್ ನಯವಾಗಿ ಇಳಿಯಿತು. ಕಾಳುಮೆಣಸಿನ ಹುಡಿಯಷ್ಟು ಸಣ್ಣ ಖಾರವನ್ನೂ ಎಣ್ಣೆಯಂತಹ ತೆಳುವಾದ ಜಿಡ್ಡನ್ನೂ ಬಿಟ್ಟು, ಅರ್ಧ ನಿಮಿಷದೊಳಗೆ ಮಾಯವಾಯಿತು. ಇನ್ನೊಂದು ಗಂಟಲನ್ನು ಸುಟ್ಟು, ಸಿಹಿಯನ್ನು ಮಾತ್ರ ತುಟಿಯ ಮೇಲೆ ಉಳಿಸಿತು. ತಾಮ್ರದ ಹಂಡೆಗಳಲ್ಲಿ ಮೂರು ಸಲ ಬಟ್ಟಿ ಇಳಿಸುವ ಪದ್ಧತಿ, ಅಮೆರಿಕದ ಬರ್ಬನ್ ತುಂಬಿದ್ದ ಓಕ್ ಪೀಪಾಯಿಗಳ ಸಹವಾಸ, ಕೆಲವು ಸ್ಕಾಚುಗಳಂತೆ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸದಿರುವುದು, ಇವೇ ಆ ಸೌಮ್ಯಗುಣಕ್ಕೆ ಕಾರಣ.

ನಮ್ಮ ತೀರ್ಪು ಹೀಗಿದೆ: ಈ ಐರಿಷ್ ವಿಸ್ಕಿ ಪ್ರಾಮಾಣಿಕವಾದುದು, ಆದರೆ ಮಹತ್ತಾದುದಲ್ಲ. ಆಳ ಕಡಿಮೆ, ನೆನಪಿನಲ್ಲಿ ಬಹುಕಾಲ ನಿಲ್ಲತಕ್ಕದ್ದಲ್ಲ. ತನ್ನೂರಿನ ಬೆಲೆಗೆ ಅದು ಯೋಗ್ಯ. ಪರೇಲಿನ ಬೆಲೆಗೆ ಯೋಗ್ಯವಲ್ಲ. ಕೇಂದ್ರದ ಆಮದು ಸುಂಕವು ಬಹುಕಾಲ ನೂರಕ್ಕೆ 150ರಷ್ಟಿತ್ತು; ಅದರ ಮೇಲೆ ರಾಜ್ಯದ ಅಬಕಾರಿ, ಮಾರಾಟ ತೆರಿಗೆ, ಪಾನಗೃಹದ ಲಾಭ. ಹೀಗಿರಲು ಇಲ್ಲಿಯ ಗಿರಾಕಿ ಕೊಡುವ ದುಡ್ಡಿನ ಬಹುಭಾಗವು ವಿಸ್ಕಿಗಲ್ಲ, ತೆರಿಗೆಗೆ. ಹೋಟೆಲ್ ಕಾರ್ಮಿಕನೊಬ್ಬನು ಹಲವು ದಿನಗಳ ಸಂಬಳವನ್ನು ಒಂದು ಬಾಟಲಿಗೆ ತೆತ್ತು ಪ್ರತಿಷ್ಠೆಯನ್ನು ಕೊಂಡೆನೆಂದು ತಿಳಿದರೆ, ಅವನು ನಿಜವಾಗಿ ಕೊಂಡದ್ದು ಸುಂಕದ ರಸೀದಿಯನ್ನು.

ಇನ್ನು ನಮ್ಮ ಬಾಟಲಿಯ ವಿಚಾರ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ಪ್ರಾಧಿಕಾರದ ಮದ್ಯ ನಿಯಮಗಳು ಕೃಷಿಮೂಲದ ತಟಸ್ಥ ಮದ್ಯಸಾರದಿಂದ ಮಾಡಿದುದನ್ನೂ ವಿಸ್ಕಿಯೆಂದು ಕರೆಯಲು ಬಿಡುತ್ತವೆ. ಕಬ್ಬಿನ ಕಾಕಂಬಿಯಿಂದ ಬಂದ ಮದ್ಯಸಾರವೂ ಹೀಗೆ ವಿಸ್ಕಿಯಾಗಬಲ್ಲುದು. ಯುರೋಪಿನಲ್ಲಿ ಅದನ್ನು ಆ ಹೆಸರಿನಿಂದ ಮಾರುವಂತಿಲ್ಲ. ಇದರಲ್ಲಿ ಕಾನೂನುಭಂಗವೇನೂ ಇಲ್ಲ. ಆದರೆ ಕೊಳ್ಳುವವನಿಗೆ ಇದು ಗೊತ್ತಿರುವುದಿಲ್ಲ.

ನಮ್ಮ ಹೋಟೆಲಿಗರಿಗೆ ಚಿರಪರಿಚಿತವಾದ ಒಂದು ಪದಾರ್ಥವನ್ನು ಇದರೊಡನೆ ಹೋಲಿಸಿ ನೋಡೋಣ. ಕಾಫಿ ಹುಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ನೂರರ ಲೆಕ್ಕದಲ್ಲಿ ಅಚ್ಚುಹಾಕಬೇಕೆಂಬ ನಿಯಮವಿದೆ. ಕಾಫಿಯ ಭಾಗವು ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದೆಂಬ ಕಟ್ಟಲೆಯೂ ಇದೆ. ಡಿಕಾಕ್ಷನ್ ಇಳಿಸುವ ಮಾಣಿಗೂ ತಾನು ಗಿರಾಕಿಗೆ ಏನು ಕೊಡುತ್ತಿದ್ದೇನೆಂಬುದು ತಿಳಿದಿರುತ್ತದೆ. ಚಿಕೋರಿ ಬೆರೆಸಿದ ಕಾಫಿಯನ್ನು ಮೆಚ್ಚಿ ಕುಡಿಯುವವರು ಎಷ್ಟೋ ಮಂದಿ; ಅದರಲ್ಲಿ ಮೋಸವಿಲ್ಲ, ಏಕೆಂದರೆ ಚೀಟಿ ನಿಜ ಹೇಳುತ್ತದೆ. ಕೆಲವೇ ರೂಪಾಯಿಗಳ ಕಾಫಿಗೆ ಇರುವ ಈ ಮರ್ಯಾದೆ ನೂರಾರು ರೂಪಾಯಿಗಳ ಕ್ವಾರ್ಟರಿಗೆ ಏಕಿರಬಾರದು? ಧಾನ್ಯದ ಭಾಗವೆಷ್ಟು, ಕಾಕಂಬಿಯ ಭಾಗವೆಷ್ಟು, ಮಾಲ್ಟ್ ಎಷ್ಟು ಎಂಬ ಮೂರು ಅಂಕಿಗಳನ್ನು ಚೀಟಿಯ ಮೇಲೆ ಅಚ್ಚುಹಾಕಲಿ ಎಂಬುದೇ ನಮ್ಮ ಬೇಡಿಕೆ.

ಈ ಜಗಳ ಹೊಸದಲ್ಲ. 1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ನಗರಸಭೆಯು ಕೆಲವು ಮದ್ಯದಂಗಡಿಗಳವರನ್ನು, ಕೇಳಿದ ವಿಸ್ಕಿಯನ್ನು ಕೊಡದೆ ಬೇರೆಯದನ್ನು ಕೊಟ್ಟರೆಂದು ನ್ಯಾಯಾಲಯಕ್ಕೆ ಎಳೆಯಿತು. ಹಂಡೆಯ ವಿಸ್ಕಿಯೇ ನಿಜವೋ, 1830ರಲ್ಲಿ ಈನಿಯಸ್ ಕಾಫಿ ಎಂಬ ಐರಿಷ್ ಅಬಕಾರಿ ಅಧಿಕಾರಿಯು ಹಕ್ಕುಪತ್ರ ಪಡೆದ ಯಂತ್ರದ ವಿಸ್ಕಿಯೂ ನಿಜವೋ ಎಂಬುದು ಪ್ರಶ್ನೆ. ರಾಯಲ್ ಕಮಿಷನ್ ಕುಳಿತು 1909ರಲ್ಲಿ ಎರಡೂ ವಿಸ್ಕಿಯೇ ಎಂದಿತು. ಇಂದಿನ ಅಗ್ಗದ ಐರಿಷ್ ವಿಸ್ಕಿಯಲ್ಲಿ ಆ ಯಂತ್ರದ ಧಾನ್ಯಮದ್ಯವೇ ಸಾಮಾನ್ಯವಾಗಿ ಬೆರೆತಿರುತ್ತದೆ. ಬೆರಕೆಯನ್ನು ಅಲ್ಲಿಯವರು ತಡೆಯಲಿಲ್ಲ. ಯಾವುದನ್ನು ಬೆರೆಸಬಹುದೆಂಬುದಕ್ಕೆ ಮಾತ್ರ ಕಾಲಕ್ರಮದಲ್ಲಿ ಗೆರೆ ಎಳೆದರು. ನಮ್ಮಲ್ಲಿ ಆ ಗೆರೆ ಇನ್ನೂ ಮಸುಕಾಗಿದೆ.

ನಮ್ಮ ದೇಶದಲ್ಲಿ ಒಳ್ಳೆಯದನ್ನು ಮಾಡಲಾಗದೆಂಬ ವಾದಕ್ಕೆ ಬೆಂಗಳೂರೇ ಉತ್ತರ ಕೊಟ್ಟಿದೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಅಮೃತ್ ಸಂಸ್ಥೆಯು ಬಾರ್ಲಿಯ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮಾರಾಟಕ್ಕಿಟ್ಟು ಮನ್ನಣೆ ಪಡೆಯಿತು. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯೊಳಗಿನ ಮದ್ಯವು ಬೇಗ ಪಕ್ವವಾಗುತ್ತದೆ, ಬೇಗ ಆವಿಯಾಗಿಯೂ ಹೋಗುತ್ತದೆ. ಆದುದರಿಂದ ಐರ್ಲೆಂಡಿನ ವರ್ಷಗಳ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಬೇಕೆಂದು ನಾವು ಹೇಳುವುದಿಲ್ಲ. ನಾವು ಕೇಳುವುದು ವಯಸ್ಸನ್ನಲ್ಲ, ಸತ್ಯವನ್ನು.

ಮಹಾರಾಷ್ಟ್ರ ಸರಕಾರದ 2025ರ ಜೂನ್ ತಿಂಗಳ ತೀರ್ಮಾನದ ಬಳಿಕ ಈ ಬೇಡಿಕೆಗೆ ಇನ್ನಷ್ಟು ತುರ್ತು ಬಂದಿದೆ. ಆಗ 180 ಮಿಲಿಲೀಟರಿನ ಬಾಟಲಿಗೆ ಕನಿಷ್ಠ ಬೆಲೆಯೆಂದು ದೇಶೀ ಮದ್ಯಕ್ಕೆ 80 ರೂಪಾಯಿ, ರಾಜ್ಯದಲ್ಲಿಯೇ ಧಾನ್ಯದಿಂದ ಮಾಡುವ ಹೊಸ ವರ್ಗದ ಮದ್ಯಕ್ಕೆ 148, ಭಾರತದಲ್ಲಿ ತಯಾರಾದ ವಿದೇಶೀ ಮದ್ಯಕ್ಕೆ 205, ಉತ್ತಮ ದರ್ಜೆಯ ವಿದೇಶೀ ಮದ್ಯಕ್ಕೆ 360 ಎಂದು ನಿಗದಿಯಾಯಿತು. ತೆರಿಗೆಗಳ ಹೆಚ್ಚಳವನ್ನು ಪ್ರತಿಭಟಿಸಿ ಹೋಟೆಲಿಗರ ಸಂಘ ಆಹಾರ್ ಕರೆಕೊಟ್ಟಂತೆ ಜುಲೈ 14ರಂದು ಪರ್ಮಿಟ್ ರೂಮುಗಳು ಬಾಗಿಲು ಮುಚ್ಚಿದವು. ತೆರಿಗೆಯ ಕುರಿತು ಮಾಲಕರ ದೂರಿನಲ್ಲಿ ತಥ್ಯವಿದೆ. ಆದರೆ ಬೆಲೆಯ ಕುರಿತು ಅಂದು ಎದ್ದ ದನಿ, ಬಾಟಲಿಯಲ್ಲಿರುವುದರ ಕುರಿತು ಏಳಲಿಲ್ಲವಲ್ಲ ಎಂಬುದೇ ನಮ್ಮ ಖೇದ. ಧಾನ್ಯದ್ದೆಂಬ ಒಂದು ವರ್ಗವನ್ನು ಸರಕಾರವೇ ಬೇರ್ಪಡಿಸಿರುವಾಗ, ಉಳಿದ ಬಾಟಲಿಗಳಲ್ಲಿ ಏನಿದೆಯೆಂದು ಕೇಳಲು ಇದಕ್ಕಿಂತ ತಕ್ಕ ಸಮಯ ಯಾವುದು?

ಬೆಲೆ ಏರಿದಾಗ ಬಡವನು ಕುಡಿತವನ್ನು ಬಿಡುವನೆಂಬ ಭರವಸೆಯಿಲ್ಲ. ಇನ್ನೂ ಕೆಳಗಿನದಕ್ಕೆ ಇಳಿಯುವನೆಂಬ ಭಯವುಂಟು. 2015ರ ಜೂನ್‌ನಲ್ಲಿ ಮಾಲಾಡಿನ ಮಾಲ್ವಣಿಯಲ್ಲಿ ಮಿಥೆನಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಸತ್ತವರು ದಿನಗೂಲಿಯ ಜನ. ಆ ವಿಷವನ್ನು ಯಾವ ಮೂಗೂ ಯಾವ ನಾಲಿಗೆಯೂ ಪತ್ತೆಮಾಡಲಾರದು. ಆದುದರಿಂದ ಚೀಟಿಯಿಲ್ಲದ, ಸೀಲಿಲ್ಲದ ಮದ್ಯವನ್ನು ಎಷ್ಟೇ ಅಗ್ಗವಾಗಿರಲಿ ಮುಟ್ಟಬಾರದು. ಇಲ್ಲಿ ರುಚಿಯ ಮಾತೇ ಬರುವುದಿಲ್ಲ.

ನಮ್ಮ ಬಂಧುಗಳಿಗೆ ನಾವು ಹೇಳುವುದು ಇಷ್ಟು. ಮಾಲಕರು ತಮ್ಮ ಹುಡುಗರಿಗೆ ಅಳತೆಯ ಜತೆಗೆ ಪದಾರ್ಥದ ಪರಿಚಯವನ್ನೂ ಮಾಡಿಕೊಡಲಿ. ಮಾರುವ ವಸ್ತುವನ್ನು ಬಲ್ಲ ಹುಡುಗನು ನಾಳೆ ಗಲ್ಲದ ಮೇಲೆ ಕೂರಬಲ್ಲನು. ಗುಮಾಸ್ತ ಬಂಧುಗಳು ಮದುವೆ, ಬಡ್ತಿ ಮುಂತಾದ ಸಂದರ್ಭಗಳಲ್ಲಿ ಪರದೇಶದ ಹೆಸರಿಗಾಗಿ ಸಾಲಮಾಡದಿರಲಿ. ಕುಡಿಯುವವರು ಊರಿಗೆ ಕಳುಹಿಸಬೇಕಾದ ಹಣವನ್ನು ಮೊದಲು ಕಳುಹಿಸಿ, ಉಳಿದುದರಲ್ಲಿ ಮಿತವಾಗಿ, ತಿಳಿದು ಕುಡಿಯಲಿ. ಸಾಂಬಾರಿನಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಪಾಕಶಾಲೆಯಿಂದಲೇ ಕಂಡುಹಿಡಿಯುವ ನಾಲಿಗೆ ನಮ್ಮವರದು. ಗ್ಲಾಸಿನ ಮುಂದೆ ಆ ನಾಲಿಗೆಯು ಹೆಸರಿಗೆ ಹೆದರಿ ಮೂಕವಾಗಬೇಕಾದ ಕಾರಣವಿಲ್ಲ.