ಆಲೂರಿನ ಫೋನಿಗೆ ಬರುವ ಕನ್ನಡ ಬೆಂಗಳೂರಿನ ಫೋನಿಗೇಕೆ ಬಾರದು?

ಬೆಂಗಳೂರಿನ ಕನ್ನಡ ತರುಣರೇ, ಶನಿವಾರ ಬಂತೆಂದರೆ ಸಕಲೇಶಪುರಕ್ಕೆ ಬೈಕು ಹತ್ತುತ್ತೀರಿ. ಯಾವ ಹೋಂಸ್ಟೇ, ಯಾವ ಜಲಪಾತ ಎಂದು ಫೋನು ಹೇಳುತ್ತದೆ, ಇಂಗ್ಲಿಷಿನಲ್ಲಿ. ಮಂಜರಾಬಾದ್ ಕೋಟೆಯ ಫೋಟೋ ಕೆಳಗೆ ನೀವು ಬರೆಯುವುದೋ, ಇಂಗ್ಲಿಷ್ ಅಕ್ಷರದ ಕಂಗ್ಲಿಷ್! ಅದೇ ಹಾದಿಯ ಎಡಬಲದ ಕಾಫಿ ತೋಟಗಳಲ್ಲಿ ದುಡಿಯುವವರ ಫೋನಿಗೆ ಏನು ಬರುತ್ತದೆ ಗೊತ್ತೆ?

ಆನೆ ಬಂದಿದೆ ಎಂಬ ಎಚ್ಚರಿಕೆ. ಆಲೂರು, ಸಕಲೇಶಪುರ ಸೀಮೆಯಲ್ಲಿ ಕಾಡಾನೆ ಎಂದರೆ ಜೀವದ ಪ್ರಶ್ನೆ. 2013-14ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ನಿಲ್ಲಲಿಲ್ಲ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಇಂಥ ಕಡೆ ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸೇರಿ, ಆನೆಗಳು ಎಲ್ಲಿವೆ ಎಂದು ಎಸ್ಸೆಮ್ಮೆಸ್, ಫೋನ್ ಕರೆ, ರಸ್ತೆ ಬದಿಯ ಬೋರ್ಡುಗಳಲ್ಲಿ ತಿಳಿಸುವ ಏರ್ಪಾಡು ಮಾಡಿದವು. ಕನ್ನಡದಲ್ಲಿ! ಬೇರೆ ಭಾಷೆಯಲ್ಲಿ ಬಂದರೆ ಅರ್ಥವಾಗುವ ಹೊತ್ತಿಗೆ ಆನೆ ಎದುರಿಗೇ ಇರುತ್ತದೆ.

ಕಂಪ್ಯೂಟರಿಗೆ, ಫೋನಿಗೆ ಕನ್ನಡ ಒಗ್ಗದು ಎನ್ನುವ ಜಾಣರಿಗೆ ಇದೇ ಉತ್ತರ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಲಿಪಿ ಇತ್ತು. ಕೆ.ಪಿ. ರಾವ್ ಕನ್ನಡ ಕೀಲಿಮಣೆ ರೂಪಿಸಿಕೊಟ್ಟರು. ಸಕಲೇಶಪುರದ ಪಕ್ಕದ ಮೂಡಿಗೆರೆಯ ತೋಟದಲ್ಲಿದ್ದ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಬಡಿದಾಡಿದರು. ಯಂತ್ರ ಸಿದ್ಧವಿದೆ. ಸೋಮಾರಿತನ ನಮ್ಮ ಬೆರಳಿಗೆ!

ಅಂತರ್ಜಾಲ ಕೊಂಡಿಗಳ ಊರು. ಹೆದ್ದಾರಿ ಕೂಡಿದಲ್ಲಿ ಪೇಟೆ ಬೆಳೆಯುತ್ತದೆ. ಕೊಂಡಿಗಳು ಕೂಡಿದ ಪುಟಕ್ಕೆ ಓದುಗರು ಬರುತ್ತಾರೆ. ಹುಡುಕುವ ಯಂತ್ರವೂ ಬರೆದಿಟ್ಟದ್ದನ್ನೇ ಎತ್ತಿ ತೋರಿಸುತ್ತದೆ. ನಾವು ಬರೆಯದಿದ್ದರೆ, ಕಂಡವರು ಬರೆದದ್ದೇ ನಮ್ಮ ಬಗೆಗಿನ ಸತ್ಯವಾಗುತ್ತದೆ. 2021ರ ಜೂನ್‌ನಲ್ಲಿ ಆದದ್ದೇನು? ಭಾರತದ ಅತಿ ಕೊಳಕು ಭಾಷೆ ಯಾವುದು ಎಂಬ ಪ್ರಶ್ನೆಗೆ ಗೂಗಲ್ ‘ಕನ್ನಡ’ ಎಂದು ತೋರಿಸಿತು. ಯಾವುದೋ ಮೂಲೆಯ ಪುಟದ ಸಾಲದು. ನಾವು ಸಿಡಿದೆದ್ದೆವು, ಕಂಪನಿ ಕ್ಷಮೆ ಕೇಳಿತು. ಸಿಡಿದದ್ದು ಸರಿಯೇ. ಆದರೆ ಮರುದಿನ ಕೂತು ಕನ್ನಡದಲ್ಲಿ ಒಂದು ಪುಟ ಬರೆದವರು ನಮ್ಮಲ್ಲಿ ಎಷ್ಟು ಜನ?

ಮುಂದಿನ ಶನಿವಾರ ಹೋದಾಗ ಗುಡ್ಡದ ಹೆಸರನ್ನು ಅಲ್ಲಿಯವರ ಬಾಯಲ್ಲೇ ಕೇಳಿ. ಹಳ್ಳದ ಹೆಸರು, ತೋಟದ ಹೆಸರು ಕೇಳಿ. ಕನ್ನಡ ಅಕ್ಷರದಲ್ಲೇ ಬರೆಯಿರಿ. ಕನ್ನಡ ವಿಕಿಪೀಡಿಯ 2003ರಿಂದ ಬಾಗಿಲು ತೆರೆದು ಕೂತಿದೆ. ಹಳ್ಳಿಯೊಂದರ ಪುಟ ತುಂಬಿ, ಪಕ್ಕದ ಹಳ್ಳಿಗೆ ಕೊಂಡಿ ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರ ಹೆಸರನ್ನು ಕನ್ನಡದಲ್ಲಿ ಸೇರಿಸಿ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಒಂದು ಗಳಿಗೆ ಸಾಕು. ಇದು ದಿನದಿನದ ದುಡಿಮೆ. ಕನ್ನಡ ಉಳಿಯುವುದು ಇದರಿಂದ.

ಆಲೂರಿನ ಕೂಲಿಕಾರನ ಜೀವ ಕಾಯುವ ಕನ್ನಡ, ನಿಮ್ಮ ಫೋಟೋ ಕೆಳಗಿನ ಎರಡು ಸಾಲಿಗೆ ಸಾಲದೆ?