ಫೋನಿನ ಭಾಷೆ ಯಾರು ಆರಿಸಬೇಕು?

ನಮ್ಮ ಬ್ಯಾರಿ ಮನೆಗಳಲ್ಲಿ ಒಂದೇ ಭಾಷೆಯಲ್ಲಿ ಒಂದು ದಿನ ಮುಗಿಯುವುದಿಲ್ಲ. ಅಡುಗೆ ಕೋಣೆಯಲ್ಲಿ ಬ್ಯಾರಿ, ಮೀನಿನ ಮಾರ್ಕೆಟಿನಲ್ಲಿ ತುಳು, ಪಂಚಾಯತ್ ಕಚೇರಿಯಲ್ಲಿ ಕನ್ನಡ, ಕಾಸರಗೋಡಿನ ಸಂಬಂಧಿಕರ ಜೊತೆ ಮಲಯಾಳಂ, ಗಲ್ಫಿನ ಕೆಲಸದಲ್ಲಿ ಹಿಂದಿ ಮತ್ತು ಮುರುಕು ಅರಬಿ. ಇದರಲ್ಲಿ ನಮಗೆ ಕಷ್ಟ ಏನೂ ಇಲ್ಲ. ಎದುರಿಗೆ ಬಂದವರನ್ನು ನೋಡಿ ನಾಲಗೆ ತಾನಾಗಿ ತಿರುಗುತ್ತದೆ. ಆದರೆ ದಿನವಿಡೀ ಕೈಯಲ್ಲಿರುವ ಫೋನು ಮಾತ್ರ ಯಾರೋ ಒಮ್ಮೆ ಹಾಕಿಟ್ಟ ಭಾಷೆಯಲ್ಲೇ ಕೂತುಬಿಡುತ್ತದೆ.

ಹೊಸ ಫೋನು ಆನ್ ಮಾಡಿದ ಕೂಡಲೇ ಅದು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು ಭಾಷೆಯದ್ದು. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವುದು ಮೊಬೈಲ್ ಅಂಗಡಿಯ ಹುಡುಗ, ಇಲ್ಲದಿದ್ದರೆ ಮನೆಯ ಮಗ. ಇಂಗ್ಲಿಷ್ ಒತ್ತಿ ಮುಂದೆ ಹೋಗುತ್ತಾನೆ. ಅಲ್ಲಿಂದ ಫೋನು ಉಮ್ಮನದ್ದು, ಭಾಷೆ ಮಗನದ್ದು. ಏಳನೇ ಕ್ಲಾಸಿನವರೆಗೆ ಸರಕಾರಿ ಶಾಲೆಯಲ್ಲಿ ಕಲಿತು, ದಿನಾ ಬೆಳಿಗ್ಗೆ ಪೇಪರ್ ಓದುವ ಎಷ್ಟೋ ಉಮ್ಮಂದಿರು ಬ್ಯಾಂಕಿನ ಒಂದು ಮೆಸೇಜ್ ಬಂದರೆ "ಮೋನು, ಇದೆಂತದು ಒಮ್ಮೆ ನೋಡು" ಎಂದು ಫೋನು ಚಾಚುತ್ತಾರೆ. ಓದು ಬಾರದವರಲ್ಲ ಅವರು. ಅವರು ಓದುವ ಅಕ್ಷರ ಆ ಫೋನಿನಲ್ಲಿ ಇಲ್ಲ, ಅಷ್ಟೇ.

ಇದು ಸಣ್ಣ ವಿಷಯ ಅಂತ ಕೆಲವರಿಗೆ ಅನಿಸಬಹುದು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ. ಹಣ ಹೆಂಗಸಿನ ಕೈಗೆ ಸೇರಬೇಕು ಎಂಬುದೇ ಅದರ ಉದ್ದೇಶ. ಆದರೆ ಹಣ ಬಂತೋ ಇಲ್ಲವೋ ಎಂದು ನೋಡಲು ಆಕೆ ಫೋನನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಫೋನಿನ ಹಿಂದೆಯೇ ಪಿನ್ನೂ ಹೋಗುತ್ತದೆ. ಎಷ್ಟು ಉಳಿದಿದೆ, ಯಾರಿಗೆ ಕೊಟ್ಟದ್ದು, ಯಾಕೆ ಕೊಟ್ಟದ್ದು ಎಲ್ಲವೂ ಮನೆಮಂದಿಗೆಲ್ಲ ಗೊತ್ತು. ತವರಿನ ತಂಗಿಗೆ ಐನೂರು ರೂಪಾಯಿ ಕಳಿಸಿದ್ದಕ್ಕೂ ಲೆಕ್ಕ ಹೇಳಬೇಕಾದ ಹೆಂಗಸರು ನಮ್ಮ ನಡುವೆ ಇಲ್ಲವೇ? ಮಗ ಒಳ್ಳೆಯವನೇ ಇರಬಹುದು. ಪ್ರಶ್ನೆ ಅದಲ್ಲ.

ಮೋಸದ ಕತೆಯೂ ಇಲ್ಲಿಗೇ ಬರುತ್ತದೆ. "ನಿಮಗೆ ಹಣ ಬರುತ್ತದೆ, ಪಿನ್ ಹಾಕಿ" ಎಂದು ಫೋನ್ ಮಾಡುವ ಕಳ್ಳರ ಬಗ್ಗೆ ಎಲ್ಲರೂ ಕೇಳಿದ್ದೇವೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಹಣ ಕಳಿಸುವಾಗ, ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ ಮಾತ್ರ ಅದು ಬೇಕು. ಪರದೆಯ ಮೇಲೆ 'ನೀವು ಹಣ ಕಳಿಸುತ್ತಿದ್ದೀರಿ' ಎಂಬ ಸಾಲು ತನಗೆ ತಿಳಿಯುವ ಅಕ್ಷರದಲ್ಲಿ ಕಂಡರೆ ಆಕೆಯ ಬೆರಳು ಅಲ್ಲೇ ನಿಲ್ಲಬಹುದು. ಭೀಮ್ ಆ್ಯಪ್ 2016ರ ಡಿಸೆಂಬರಿನಲ್ಲಿ ಬಂದಾಗ ಹಿಂದಿ ಮತ್ತು ಇಂಗ್ಲಿಷ್ ಮಾತ್ರ ಇತ್ತು, ಕನ್ನಡ ಆಮೇಲೆ ಸೇರಿತು. ಈಗ ಹಣ ಕಳಿಸುವ ದೊಡ್ಡ ಆ್ಯಪ್‌ಗಳಲ್ಲೆಲ್ಲ ಕನ್ನಡ ಇದೆ. ಇದ್ದರೂ ಅದನ್ನು ಹಾಕಿಕೊಂಡವರು ಎಷ್ಟು ಮಂದಿ? ಆಯ್ಕೆ ಎಲ್ಲಿದೆ ಎಂದು ಹುಡುಕಲು ಮೊದಲು ಇಂಗ್ಲಿಷಿನ ನಾಲ್ಕು ಪುಟ ದಾಟಬೇಕು.

ಹಾಗಂತ ಎಲ್ಲರ ಫೋನಿಗೂ ಕನ್ನಡ ಹಾಕಿಬಿಡಿ ಎಂದು ನಾವು ಹೇಳುವುದಿಲ್ಲ. ಅದೂ ಇನ್ನೊಬ್ಬರು ಆರಿಸಿದ ಹಾಗೆಯೇ ಆಯಿತು. ಕೆಲವು ಆ್ಯಪ್‌ಗಳ ಕನ್ನಡ ಓದಿದರೆ, ಮಾರಾಯ್ರೆ, ಪಂಡಿತರಿಗೂ ತಲೆ ತಿರುಗಬೇಕು. ಇನ್ನು ಕೆಲವು ಅರ್ಧಂಬರ್ಧ: ಗುಂಡಿಯ ಮೇಲೆ ಕನ್ನಡ, ಏನಾದರೂ ಎಡವಟ್ಟಾದರೆ ಬರುವ ಎಚ್ಚರಿಕೆ ಮಾತ್ರ ಇಂಗ್ಲಿಷ್. ದಮ್ಮಾಮಿನಿಂದ ಮಗ ಫೋನಿನಲ್ಲಿ "ಸ್ಟೋರೇಜ್ ಅಂತ ಇದೆ, ಒತ್ತಿ ಉಮ್ಮ" ಎನ್ನುತ್ತಾನೆ, ಉಮ್ಮನ ಪರದೆಯಲ್ಲಿ 'ಸಂಗ್ರಹಣೆ' ಎಂದಿದೆ. ಆಗ ಒಂದು ನಿಮಿಷ ಇಂಗ್ಲಿಷಿಗೆ ಹೋಗಿ ಕೆಲಸ ಮುಗಿಸಿ ವಾಪಸ್ ಬರಲು ಆಗಬೇಕು. ಆ ಗುಂಡಿ ಮೊದಲ ಪುಟದಲ್ಲೇ ಕಣ್ಣಿಗೆ ಬೀಳಬೇಕು, ಬದಲಿಸಿದರೆ ತುಂಬಿಸಿದ್ದೇನೂ ಅಳಿದು ಹೋಗಬಾರದು. ನಾವು ಕೇಳುವುದು ಇಷ್ಟೇ.

ಇದು ಆಗದ ಕೆಲಸವೇನೂ ಅಲ್ಲ. ಐಫೋನಿನಲ್ಲಿ 2019ರಿಂದ, ಆಂಡ್ರಾಯ್ಡಿನಲ್ಲಿ 2022ರ 13ನೇ ಆವೃತ್ತಿಯಿಂದ ಒಂದೊಂದು ಆ್ಯಪಿಗೆ ಒಂದೊಂದು ಭಾಷೆ ಇಡುವ ಏರ್ಪಾಡು ಇದೆ. ವಾಟ್ಸ್‌ಆ್ಯಪ್ ಕನ್ನಡದಲ್ಲಿ, ಉಳಿದ ಫೋನು ಇಂಗ್ಲಿಷಿನಲ್ಲಿ ಇರಬಹುದು. ನಮ್ಮಂಥ ಮನೆಗಳಿಗೆಂದೇ ಮಾಡಿದ ಹಾಗಿದೆ. ಆದರೆ ಆ್ಯಪ್ ಮಾಡಿದವರು ಕನ್ನಡ ಸೇರಿಸಿದ್ದರೆ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ.

ಕಂಪ್ಯೂಟರಿನಲ್ಲಿ ಮಾತ್ರ ವ್ಯಾಪಾರದ ಲೆಕ್ಕ ಬೇರೆ. ವಿಂಡೋಸ್ 7ರ ಕಾಲದಲ್ಲಿ ಪೂರ್ಣ ಭಾಷಾ ಪ್ಯಾಕ್ ಹಾಕಿ ಬದಲಿಸುವ ಅವಕಾಶ ಇದ್ದದ್ದು ಅಲ್ಟಿಮೇಟ್, ಎಂಟರ್‌ಪ್ರೈಸ್ ಎಂಬ ದುಬಾರಿ ಆವೃತ್ತಿಗಳಿಗೆ. ಈಗಲೂ ಮಕ್ಕಳ ಕಾಲೇಜಿಗೆಂದು ಕೊಳ್ಳುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಆವೃತ್ತಿಯವು. ಹೆಸರೇ ಹೇಳುವಂತೆ ಒಂದೇ ಭಾಷೆ. ಇನ್ನೊಂದು ಬೇಕೆಂದರೆ ಮೇಲಿನ ಆವೃತ್ತಿಗೆ ದುಡ್ಡು ಕೊಡಬೇಕು. ದುಡ್ಡು ಕೊಟ್ಟು ತಂದ ಯಂತ್ರದ ಜೊತೆ ಮಾತಾಡಲು ಮತ್ತೆ ದುಡ್ಡು! ಉಚಿತವಾಗಿ ಸಿಗುವ ಲಿನಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಈ ಕಟ್ಟುಪಾಡಿಲ್ಲ, ಬೇಕಾದ ಭಾಷೆ ಇಳಿಸಿಕೊಂಡು ಬೇಕಾದಾಗ ಬದಲಿಸಬಹುದು.

ಗಲ್ಫಿನಲ್ಲಿರುವ ನಮ್ಮವರ ಗೋಳು ಇನ್ನೊಂದು. ದುಬೈಯಲ್ಲಿ ಕೂತು ಸೈಟ್ ತೆರೆದರೆ ಕೆಲವು ಸೈಟುಗಳು ಅರಬಿಯಲ್ಲೇ ತೆರೆದುಕೊಳ್ಳುತ್ತವೆ. ಬ್ರೌಸರ್ ಪ್ರತಿ ಸೈಟಿಗೂ ಇವರಿಗೆ ಬೇಕಾದ ಭಾಷೆ ಇದು ಎಂದು ಹೇಳಿಯೇ ಇರುತ್ತದೆ. ಅದನ್ನು ಕೇಳದೆ ಊರು ನೋಡಿ ಭಾಷೆ ನಿರ್ಧರಿಸುತ್ತಾರೆ. ಮಂಜೇಶ್ವರದಲ್ಲಿ ಕನ್ನಡ ಓದುವವರು ಇದ್ದಾರೆ, ಮಂಗಳೂರಿನಲ್ಲಿ ಮಲಯಾಳಂ ಓದುವವರು ಇದ್ದಾರೆ ಎಂಬುದು ಆ ಯಂತ್ರಕ್ಕೆ ತಿಳಿಯುವುದು ಹೇಗೆ? ಫೋನು ಅಪ್ಪಿತಪ್ಪಿ ಅರಬಿಗೆ ತಿರುಗಿದರೆ ಪರದೆಯೇ ಎಡ ಬಲ ಬದಲಾಗುತ್ತದೆ. ವಾಪಸ್ ಬರಲು ಆ ಪಟ್ಟಿಯಲ್ಲಿ ಕನ್ನಡದ ಹೆಸರು ಕನ್ನಡ ಅಕ್ಷರದಲ್ಲೇ ಇರಬೇಕು. ಕುರ್‌ಆನ್ ಓದಲು ಬರುವವರಿಗೆಲ್ಲ ಅರಬಿ ಮೆನು ಅರ್ಥವಾಗುತ್ತದೆ ಅಂತ ತಿಳಿಯಬೇಡಿ. ಕೆಲವರು ಭಾಷೆಗೆ ಬಾವುಟದ ಚಿತ್ರ ಹಾಕುತ್ತಾರೆ. ಭಾರತದ ಬಾವುಟ ಒತ್ತಿದರೆ ಹಿಂದಿ ಬರುತ್ತದೆ, ಇನ್ನೇನು!

ಇಷ್ಟರಲ್ಲಿ ಬ್ಯಾರಿ ಎಲ್ಲಿ ಎಂದು ಕೇಳುವಿರಿ. ಎಲ್ಲಿಯೂ ಇಲ್ಲ. ತುಳುವಿಗೆ 2016ರಲ್ಲಿ ವಿಕಿಪೀಡಿಯ ಬಂತು, 2024ರಲ್ಲಿ ಗೂಗಲ್ ಅನುವಾದಕ್ಕೆ ಒಮ್ಮೆಲೇ ಸೇರಿದ 110 ಭಾಷೆಗಳಲ್ಲಿ ತುಳುವೂ ಇತ್ತು. ಬ್ಯಾರಿ ಇರಲಿಲ್ಲ. ನಮ್ಮ ಮನೆಮಾತು ಪಟ್ಟಿಯಲ್ಲೇ ಇಲ್ಲದ ಕಾರಣ, ನಾವು ಏನು ಆರಿಸಿದರೂ ಅದು ನೆರೆಮನೆಯ ಭಾಷೆಯೇ. ಯಾವ ನೆರೆಮನೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಅರಬಿ ಮಲಯಾಳಂ ಕಿತಾಬು ಓದಿ ಬೆಳೆದ, ಕನ್ನಡ ಅಕ್ಷರ ಕಲಿಯದ ಹಿರಿಯ ಹೆಂಗಸರೂ ನಮ್ಮಲ್ಲಿದ್ದಾರೆ. ಅವರಿಗೆ ಬರೆದದ್ದನ್ನು ಓದಿ ಹೇಳುವ ಧ್ವನಿಯೇ ಬೇಕಾಗಬಹುದು.

ಕಾನೂನು ಸ್ವಲ್ಪ ನಮ್ಮ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಮಾಹಿತಿ ತೆಗೆದುಕೊಳ್ಳಲು ಒಪ್ಪಿಗೆ ಕೇಳುವವರು ಆ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡ, ಮಲಯಾಳಂ, ಉರ್ದು ಇವೆ, ತುಳು, ಬ್ಯಾರಿ ಇಲ್ಲ. ಕಾಯ್ದೆ ಹೇಳುವುದು ಒಪ್ಪಿಗೆಯ ಪುಟದ ಬಗ್ಗೆ, ಇಡೀ ಆ್ಯಪಿನ ಬಗ್ಗೆ ಅಲ್ಲ. ಆದರೂ ಬ್ಯಾಂಕಿನ ಕೌಂಟರಿನಲ್ಲಿ ಕೇಳಲು ಇದೊಂದು ಆಧಾರ.

ಬ್ಯಾಂಕಿನವರಿಗೆ, ಸರಕಾರಕ್ಕೆ ಹೇಳುವ ಮೊದಲು ನಮ್ಮವರೇ ನಡೆಸುವ ಶಾಲೆ, ಆಸ್ಪತ್ರೆಗಳನ್ನೂ ನೋಡಬೇಕು. ಮಕ್ಕಳ ಹಾಜರಿ, ಫೀಸು, ರಕ್ತ ಪರೀಕ್ಷೆಯ ರಿಪೋರ್ಟ್ ಎಲ್ಲ ಈಗ ಆ್ಯಪಿನಲ್ಲಿ, ಬರೇ ಇಂಗ್ಲಿಷಿನಲ್ಲಿ ಬರುವ ಕಡೆಗಳಿವೆ. ಬಾಪ ಗಲ್ಫಿನಲ್ಲಿ, ಆ್ಯಪ್ ನೋಡುವವರು ಉಮ್ಮ. ಹೊಸ ಆ್ಯಪಿಗೆ ಆರ್ಡರ್ ಕೊಡುವ ಕಮಿಟಿಯವರು ಭಾಷೆ ಬದಲಿಸುವ ಗುಂಡಿ ಬೇಕೆಂದು ಕರಾರಿನಲ್ಲೇ ಬರೆಸಲಿ. ಆಮೇಲೆ ಸೇರಿಸಿ ಎಂದರೆ ಸಾಫ್ಟ್‌ವೇರಿನವರು ಬೇರೆ ಬಿಲ್ ಕಳಿಸುತ್ತಾರೆ.